ಬೆರಳಿನಿಂದ ತೋಳಿಗೇರಿದ ಗಂಟು

ಹೂವಿನ ಕೆಲಸ ಮಾಡುವವರ ಕೈಗೆ ಮುಳ್ಳು ಚುಚ್ಚುವುದು ಹೊಸದೇನಲ್ಲ. ಚುಚ್ಚಿದರೆ ಬೆರಳನ್ನು ಬಾಯಲ್ಲಿಟ್ಟು ಚೀಪುತ್ತಾರೆ, ಸೀರೆಗೆ ಒರೆಸಿಕೊಳ್ಳುತ್ತಾರೆ, ಮುಂದಿನ ಗಿಡಕ್ಕೆ ಕೈ ಹಾಕುತ್ತಾರೆ. ಹೇರೋಹಳ್ಳಿಯ ಗಂಗಲಕ್ಷ್ಮಮ್ಮನೂ ಅಷ್ಟೇ ಮಾಡಿದಳು.

ಇದು ೧೯೮೬ರ ಮಾತು. ಹೇರೋಹಳ್ಳಿಯ ಸುತ್ತ ಆಗಲೇ ಸೈಟುಗಳ ಕಲ್ಲು ನೆಟ್ಟಾಗಿತ್ತು. ಹಳೆಯ ಊರಿನವರಲ್ಲಿ ಹೊಲ ಉಳಿಸಿಕೊಂಡವರು ಕಡಿಮೆ. ಗಂಗಲಕ್ಷ್ಮಮ್ಮನ ಗಂಡ ಉಗ್ರಪ್ಪನಿಗೆ ಬಾವಿಯ ಪಕ್ಕದ ಒಂದು ತುಂಡು ಜಮೀನು ಉಳಿದಿತ್ತು. ಅದರ ತುಂಬ ಗುಲಾಬಿ, ಅಂಚಿಗೆ ಕನಕಾಂಬರ. ಉಗ್ರಪ್ಪ ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ಲೇತ್ ಮೇಲೆ ಕೆಲಸ ಮಾಡುತ್ತಿದ್ದ. ತೋಟವನ್ನು ನೋಡಿಕೊಳ್ಳುತ್ತಿದ್ದವರು ಗಂಗಲಕ್ಷ್ಮಮ್ಮ ಮತ್ತು ಉಗ್ರಪ್ಪನ ತಾಯಿ ಮುನಿತಾಯಮ್ಮ. ಅತ್ತೆ ಸೊಸೆ ಬೆಳಿಗ್ಗೆ ಬೇಗ ಹೂವು ಬಿಡಿಸಿ ಕಟ್ಟುತ್ತಿದ್ದರು. ಆಮೇಲೆ ಗಂಗಲಕ್ಷ್ಮಮ್ಮ ಬುಟ್ಟಿ ತೆಗೆದುಕೊಂಡು ಬಸವೇಶ್ವರನಗರದಲ್ಲಿ ದಿನವೂ ಹೂವು ಕೊಳ್ಳುವ ವರ್ತನೆ ಮನೆಗಳಿಗೆ ಕೊಟ್ಟು ಬರುತ್ತಿದ್ದಳು.

ಗಿಡ ಸವರುವ ಕಾಲದಲ್ಲಿ ಅವಳ ಬಲಗೈ ತೋರುಬೆರಳಿಗೆ ಒಂದು ಮುಳ್ಳು ಆಳವಾಗಿ ನಾಟಿತು. ಪಿನ್ನಿನಿಂದ ತೆಗೆದು ಮರೆತಳು. ಕೆಲವು ವಾರ ಕಳೆದ ಮೇಲೆ ಅದೇ ಜಾಗದಲ್ಲಿ ಅವರೆಕಾಳಿನಷ್ಟು ದೊಡ್ಡ ಕೆಂಪು ಗುಳ್ಳೆ ಎದ್ದಿತು. ನೋವಿಲ್ಲ, ತುರಿಕೆಯಿಲ್ಲ, ಜ್ವರವಿಲ್ಲ. ನೋವಿಲ್ಲದ್ದರಿಂದ ಅವಳು ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲ. ಗುಳ್ಳೆ ಒಡೆದು ಹುಣ್ಣಾಯಿತು. ಹತ್ತಿರದ ಕ್ಲಿನಿಕ್ಕಿನ ಡಾಕ್ಟರು ಕೀವಿಗೆ ಕೊಡುವ ಮಾತ್ರೆ ಕೊಟ್ಟರು, ಇಂಜೆಕ್ಷನ್ ಹಾಕಿದರು. ಮೇಲೆ ಸ್ವಲ್ಪ ಒಣಗಿತು. ಆಮೇಲೆ ಮತ್ತೆ ಒಡೆಯಿತು. ಮತ್ತೆ ಹೋದಳು, ಬೇರೆ ಮಾತ್ರೆ ಬಂತು. ಮತ್ತೆ ಒಣಗಿತು, ಮತ್ತೆ ಒಡೆಯಿತು.

ಅಷ್ಟರಲ್ಲಿ ಮಣಿಕಟ್ಟಿನ ಮೇಲೆ ಇನ್ನೊಂದು ಗಂಟು ಕಾಣಿಸಿತು. ಅದರ ಮೇಲೆ ಮುಂಗೈಯಲ್ಲಿ ಮತ್ತೊಂದು. ಎಲ್ಲವೂ ಒಂದೇ ಸಾಲು. ದಾರಕ್ಕೆ ಮಣಿ ಪೋಣಿಸಿ ಕೈಯ ಮೇಲೆ ಉದ್ದಕ್ಕೆ ಇಟ್ಟ ಹಾಗೆ.

ಮುನಿತಾಯಮ್ಮ ಸೊಸೆಯ ಕೈಯನ್ನು ಬೆಳಕಿಗೆ ಹಿಡಿದು ನೋಡಿದರು.

"ಇದು ಸರ್ಪಸುತ್ತು ಕಣೇ. ನೋಡು, ಹೆಂಗೆ ಮೇಲಕ್ಕೆ ಹರೀತಾ ಐತೆ. ಹಾವಿನ ಹಂಗೇ."

"ಸರ್ಪಸುತ್ತು ಉರಿಯುತ್ತೆ ಅಂತಾರಲ್ಲ ಅತ್ತೆ. ನಂಗೆ ಉರೀನೇ ಇಲ್ಲ."

"ಎಲ್ಲಾರ್ಗೂ ಒಂದೇ ಥರ ಇರ್ತದಾ? ಕೆಮ್ಮಣ್ಣು ಹಾಕ್ಸಣ. ಸರಿಹೋಗ್ತದೆ."

ಊರಿನಲ್ಲಿ ಸರ್ಪಸುತ್ತಿಗೆ ಕೆಮ್ಮಣ್ಣು ಬರೆಯುವ ಒಬ್ಬ ಹಿರಿಯರಿದ್ದರು. ಅವರು ಗಂಟುಗಳ ಸುತ್ತ ಮಣ್ಣಿನ ಗೆರೆ ಎಳೆದು ಮಂತ್ರ ಹೇಳಿದರು. ಮಣ್ಣು ಒಣಗಿ ಉದುರಿತು. ಗಂಟು ಉದುರಲಿಲ್ಲ.

ಗಂಗಲಕ್ಷ್ಮಮ್ಮ ಹುಣ್ಣಿಗೆ ಬಟ್ಟೆ ಸುತ್ತಿಕೊಂಡೇ ಹೂವು ಕೊಡಲು ಹೋಗುತ್ತಿದ್ದಳು. ಬಟ್ಟೆಯ ಮೇಲೆ ಕೀವಿನ ಕಲೆ ಕಾಣುತ್ತಿತ್ತು. ಬಸವೇಶ್ವರನಗರದ ಕಮಲಾಕ್ಷಮ್ಮ ಅವಳ ಬಹಳ ವರ್ಷದ ವರ್ತನೆಯವರು. ಬಾಗಿಲಿಗೆ ಬಂದಾಗಲೆಲ್ಲ ಕಾಫಿ ಕೊಡುತ್ತಿದ್ದವರು ಮೊದಲು ಕಾಫಿ ನಿಲ್ಲಿಸಿದರು. ಆಮೇಲೆ ಹೂವನ್ನು ಗೇಟಿನ ಮೇಲೇ ಇಟ್ಟು ಹೋಗಲು ಹೇಳಿದರು. ಒಂದು ದಿನ ಗೇಟಿನ ಒಳಗೇ ನಿಂತು ಹೇಳಿದರು:

"ತಪ್ಪು ತಿಳ್ಕೋಬೇಡಮ್ಮ. ದೇವರಿಗೆ ಇಡೋ ಹೂವು. ಮನೇಲಿ ಚಿಕ್ಕ ಮಕ್ಕಳು ಬೇರೆ ಇದಾರೆ. ನಿನ್ನ ಕೈ ವಾಸಿಯಾಗೋವರ್ಗೂ ಬೇಡ."

"ಮುಳ್ಳು ಚುಚ್ಚಿದ್ದಮ್ಮ ಇದು, ಬೇರೇನಲ್ಲ."

"ಮುಳ್ಳು ಚುಚ್ಚಿದ್ದು ಇಷ್ಟು ತಿಂಗಳು ಇರತ್ತೇನಮ್ಮ?"

ಗಂಗಲಕ್ಷ್ಮಮ್ಮ ಬುಟ್ಟಿ ಎತ್ತಿಕೊಂಡು ಹೊರಟಳು. ಪಕ್ಕದ ಮನೆಯವರೂ ಮರುವಾರ ಬೇಡವೆಂದರು. ಅದರ ಪಕ್ಕದವರು ಏನೂ ಹೇಳಲಿಲ್ಲ, ಬಾಗಿಲು ತೆಗೆಯಲಿಲ್ಲ ಅಷ್ಟೆ.

ಹೇರೋಹಳ್ಳಿಯ ಹೊಸ ಸೈಟುಗಳಲ್ಲಿ ಮನೆ ಕಟ್ಟಿಸಿಕೊಂಡು ಬಂದವರಲ್ಲಿ ಕಲ್ಯಾಣಮ್ಮ ಒಬ್ಬರು. ದಾವಣಗೆರೆ ಕಡೆಯವರು, ಸರ್ಕಾರಿ ಆಸ್ಪತ್ರೆಯೊಂದರಲ್ಲಿ ನರ್ಸ್. ಊರಿನ ಬೋರಿಂಗ್ ಹತ್ತಿರ ನೀರಿಗೆ ನಿಂತಿದ್ದಾಗ, ಗಂಗಲಕ್ಷ್ಮಮ್ಮ ಎಡಗೈಯಲ್ಲೇ ಪಂಪಿನ ಹಿಡಿ ಒತ್ತುತ್ತಿದ್ದುದನ್ನು ಅವರು ಕಂಡರು.

"ಯಾಕವ್ವ, ಬಲಗೈಗೆ ಏನಾಗೇತಿ?"

"ಏನಿಲ್ಲಕ್ಕ. ಸರ್ಪಸುತ್ತು."

"ತೋರ್ಸು ನೋಡೋಣ."

ಗಂಗಲಕ್ಷ್ಮಮ್ಮ ಅತ್ತಿತ್ತ ನೋಡಿ ಬಟ್ಟೆ ಬಿಚ್ಚಿದಳು. ಕಲ್ಯಾಣಮ್ಮ ಹಿಂದೆ ಸರಿಯಲಿಲ್ಲ. ಕೈಯನ್ನು ಹಿಡಿದುಕೊಂಡೇ ನೋಡಿದರು.

"ಇದು ಶುರುವಾಗಿ ಎಷ್ಟು ದಿನ ಆತು?"

"ಯುಗಾದಿಗೆ ಮುಂಚೇನೇ ಇತ್ತಕ್ಕ."

"ಈಗ ಗೌರಿ ಹಬ್ಬ ಬಂತಲ್ಲವ್ವ! ಸರ್ಪಸುತ್ತು ಇಷ್ಟು ದಿನ ಇರಲ್ಲ. ಅದು ನೀರುಗುಳ್ಳೆ ಥರ ಏಳ್ತದೆ, ಉರೀತದೆ, ಕೆಲವು ವಾರಕ್ಕೆ ಒಣಗ್ತದೆ. ಮಂತ್ರ ಹಾಕಿದ್ರೂ ಒಣಗ್ತದೆ, ಹಾಕದಿದ್ರೂ ಒಣಗ್ತದೆ. ಇದು ಬೇರೆ."

"ಹಂಗಾದ್ರೆ ಇದೇನಕ್ಕ?"

"ನಾನು ಹೆಸರು ಹೇಳಲ್ಲ. ಕಣ್ಣಲ್ಲಿ ನೋಡಿ ಹೇಳೋ ಕಾಯಿಲೆ ಅಲ್ಲ ಇದು. ಪರೀಕ್ಷೆ ಮಾಡಿಸ್ಬೇಕು. ನಮ್ಮ ಆಸ್ಪತ್ರೇಲಿ ಚರ್ಮದ ಡಾಕ್ಟ್ರು ಇದಾರೆ, ಕೋಕಿಲಾ ಅಂತ. ಬಾ, ನಾನು ಕರ್ಕೊಂಡು ಹೋಗ್ತೀನಿ."

ಮನೆಯಲ್ಲಿ ಈ ಮಾತು ಎತ್ತಿದ ಕೂಡಲೇ ಮುನಿತಾಯಮ್ಮ ಮುಖ ತಿರುಗಿಸಿದರು.

"ದೊಡ್ಡಾಸ್ಪತ್ರೆಗೆ ಹೋದ್ರೆ ಕೈ ಕುಯ್ತಾರೆ. ಬ್ಯಾಡ."

"ಕುಯ್ಯೋದು ಅಂತ ಯಾರು ಹೇಳಿದ್ರು ಅವ್ವ? ಬರೀ ನೋಡಿಸ್ಕೊಂಡು ಬರ್ತೀವಿ," ಎಂದ ಉಗ್ರಪ್ಪ.

"ನಿಂಗೇನು ಗೊತ್ತು? ಚರ್ಮದ ಡಾಕ್ಟ್ರ ಹತ್ರ ಯಾರು ಯಾರು ಹೋಗ್ತಾರೆ ಅಂತ ನಿಂಗೆ ಗೊತ್ತಾ? ಅಲ್ಲಿ ಸಾಲಲ್ಲಿ ಕೂತಿದ್ದನ್ನ ನಮ್ಮೂರವ್ರು ಒಬ್ರು ನೋಡಿದ್ರೆ ಸಾಕು."

ಅವರು ಅದಕ್ಕಿಂತ ಹೆಚ್ಚು ಹೇಳಲಿಲ್ಲ. ಉಗ್ರಪ್ಪನೂ ಕೇಳಲಿಲ್ಲ. ಕಾರ್ಖಾನೆಗೆ ಅರ್ಧ ದಿನ ರಜ ಹಾಕಿ, ಹೆಂಡತಿ ಮತ್ತು ಕಲ್ಯಾಣಮ್ಮನ ಜೊತೆ ಮೆಜೆಸ್ಟಿಕ್ ಬಸ್ಸು ಹತ್ತಿದ. ಮುನಿತಾಯಮ್ಮ ಬರಲಿಲ್ಲ.

ಡಾಕ್ಟರ್ ಕೋಕಿಲಾ ಮೊದಲು ಹತ್ತಿಯಿಂದ, ಆಮೇಲೆ ಪಿನ್ನಿನಿಂದ ಗಂಗಲಕ್ಷ್ಮಮ್ಮನ ಕೈ ಮುಟ್ಟಿ ನೋಡಿದರು. ಕಣ್ಣು ಮುಚ್ಚಿಸಿ, ಮುಟ್ಟಿದ್ದು ಗೊತ್ತಾಗುತ್ತದೆಯೇ ಎಂದು ಕೇಳಿದರು. ಏನು ಕೆಲಸ ಮಾಡುತ್ತೀರಿ, ಯಾವ ಗಿಡ, ಮುಳ್ಳು ಚುಚ್ಚಿತ್ತೇ, ಗೊಬ್ಬರ, ಹುಲ್ಲು ಬರಿಗೈಯಲ್ಲಿ ಮುಟ್ಟುತ್ತೀರಾ ಎಂದು ಒಂದೊಂದಾಗಿ ಕೇಳಿದರು. ಹುಣ್ಣಿನ ಅಂಚಿನಿಂದ ಅಕ್ಕಿಕಾಳಿನಷ್ಟು ಚೂರು ತೆಗೆದು ಲ್ಯಾಬಿಗೆ ಕಳಿಸಿದರು.

"ಇದರಲ್ಲಿ ಏನು ಬೆಳೆಯುತ್ತೆ ಅಂತ ಕಾದು ನೋಡಬೇಕು. ಬೆಳೆಯೋಕೆ ಟೈಮ್ ಬೇಕು. ಅಲ್ಲಿವರ್ಗೂ ಯಾವ ಮುಲಾಮೂ ಹಚ್ಚಬೇಡಿ."

ಮುಂದಿನ ಸಲ ಹೋದಾಗ ಅವರು ಗಾಜಿನ ಕೊಳವೆಯೊಂದನ್ನು ತೋರಿಸಿದರು. ಅದರ ಒಳಗೆ ಕಪ್ಪು ಬಣ್ಣಕ್ಕೆ ತಿರುಗಿದ ಏನೋ ಅಂಟಿಕೊಂಡಿತ್ತು.

"ಉಪ್ಪಿನಕಾಯಿ ಭರಣಿಗೆ ನೀರು ಬಿದ್ರೆ ಮೇಲೆ ಬೂಷ್ಟು ಬರುತ್ತಲ್ಲ, ಅದೇ ಜಾತಿ ಇದು. ಶಿಲೀಂಧ್ರ ಅಂತಾರೆ. ಮಣ್ಣಲ್ಲಿ, ಒಣಹುಲ್ಲಲ್ಲಿ, ಮುಳ್ಳು ಗಿಡದಲ್ಲಿ ಇರುತ್ತೆ. ಮುಳ್ಳು ಚುಚ್ಚಿದಾಗ ಅದರ ಜೊತೆ ಒಳಗೆ ಹೋಗಿದೆ. ಚರ್ಮದ ಕೆಳಗೆ ನೀರಿನಂಥ ತಿಳಿ ರಸ ಹರಿಯೋ ಸಣ್ಣ ನಾಳ ಇರುತ್ತೆ. ಅದನ್ನ ಹಿಡ್ಕೊಂಡು ಮೇಲೆ ಹತ್ತುತ್ತಾ ಇದೆ. ಅದಕ್ಕೇ ಸಾಲಾಗಿ ಕಾಣೋದು."

"ಹೆಸರೇನು ಮೇಡಂ?" ಎಂದ ಉಗ್ರಪ್ಪ.

"ಸ್ಪೋರೊಟ್ರೈಕೋಸಿಸ್. ಹಿಮಾಲಯದ ತಪ್ಪಲಲ್ಲಿ ಇದು ಆಗಾಗ ಕಾಣುತ್ತೆ. ನಮ್ಮ ಕಡೆ ಅಪರೂಪ. ಅದಕ್ಕೇ ನಿಮ್ಮ ಊರಿನ ಡಾಕ್ಟ್ರಿಗೆ ಹೊಳೆದಿಲ್ಲ. ಅವರದ್ದೇನೂ ತಪ್ಪಿಲ್ಲ. ನಾನೂ ಬಹಳ ನೋಡಿಲ್ಲ. ಕೀವಿನ ಹುಣ್ಣು, ಟಿ.ಬಿ.ಯ ಹುಣ್ಣು, ಎಲ್ಲ ಹೀಗೇ ಕಾಣಬಹುದು. ಲ್ಯಾಬಲ್ಲಿ ಬೆಳೆಸಿ ನೋಡಿದ್ರೇ ಗೊತ್ತಾಗೋದು."

ಆಮೇಲೆ ಅವರು ಗಂಗಲಕ್ಷ್ಮಮ್ಮನನ್ನು ಕೇಳಿದರು, ಬಸುರಿಯೇ, ಥೈರಾಯ್ಡ್ ತೊಂದರೆ ಇದೆಯೇ ಎಂದು. ಎರಡೂ ಇಲ್ಲವೆಂದಾಗ ಕಂದು ಬಾಟಲಿಯಲ್ಲಿ ಒಂದು ಔಷಧಿ ಬರೆದುಕೊಟ್ಟರು. ಪೊಟ್ಯಾಸಿಯಂ ಅಯೋಡೈಡ್. ಹನಿ ಲೆಕ್ಕದಲ್ಲಿ ಹಾಲಿಗೆ ಹಾಕಿ ಕುಡಿಯಬೇಕು. ಮೊದಲು ಕಡಿಮೆ ಹನಿ, ಅವರು ಹೇಳಿದಂತೆ ಸ್ವಲ್ಪ ಸ್ವಲ್ಪವೇ ಹೆಚ್ಚಿಸಬೇಕು.

"ಒಂದು ಮಾತು. ಹುಣ್ಣು ಒಣಗಿದ ಮೇಲೂ ಒಂದು ತಿಂಗಳಿಗಿಂತ ಹೆಚ್ಚು ಕಾಲ ಔಷಧಿ ತಗೋಬೇಕು. ನಾನು ಸಾಕು ಅನ್ನೋವರ್ಗೂ ನಿಲ್ಲಿಸಬೇಡಿ," ಎಂದರು ಡಾಕ್ಟರು.

ಗಂಗಲಕ್ಷ್ಮಮ್ಮ ತಲೆಯಾಡಿಸಿದಳು.

ಔಷಧಿ ಕೆಲಸ ಮಾಡಿತು. ಮೊದಲು ಮುಂಗೈಯ ಗಂಟು ಮೆತ್ತಗಾಯಿತು. ಆಮೇಲೆ ಮಣಿಕಟ್ಟಿನದು ಇಳಿಯಿತು. ಬೆರಳಿನ ಹುಣ್ಣು ಅಂಚಿನಿಂದ ಕೂಡಿಕೊಳ್ಳುತ್ತ ಬಂತು. ಆದರೆ ಔಷಧಿಯ ಕಾಟವೂ ಶುರುವಾಯಿತು. ಬಾಯಲ್ಲಿ ಯಾವಾಗಲೂ ತಾಮ್ರದ ಚೊಂಬು ನೆಕ್ಕಿದ ರುಚಿ. ಮೂಗು ಸೋರುತ್ತಿತ್ತು. ಕೆನ್ನೆಯ ಮೇಲೆ ಮೊಡವೆಯಂಥ ಗುಳ್ಳೆಗಳು ಎದ್ದವು. ಅನ್ನ ಸೇರದೆ ಅವಳು ಇಳಿದುಹೋದಳು.

"ಕೈಯಲ್ಲಿದ್ದಿದ್ದು ಮುಖಕ್ಕೆ ಬಂತು ನೋಡು," ಎಂದರು ಮುನಿತಾಯಮ್ಮ. "ಹುಣ್ಣು ಒಣಗಿತಲ್ಲ, ಇನ್ಯಾಕೆ ಆ ಉಪ್ಪುನೀರು? ಸಾಕು ಬಿಡು."

ಗಂಗಲಕ್ಷ್ಮಮ್ಮನಿಗೂ ಸಾಕಾಗಿತ್ತು. ಬೆರಳು ಮುಟ್ಟಿ ನೋಡಿಕೊಂಡಳು. ಚರ್ಮ ಕೂಡಿತ್ತು. ಬಾಟಲಿಯನ್ನು ಗೂಡಿನಲ್ಲಿ ಹಿಂದಕ್ಕೆ ಸರಿಸಿದಳು. ಆಸ್ಪತ್ರೆಗೆ ಹೋಗಬೇಕಾದ ದಿನ ತೋಟದಲ್ಲಿ ಕೆಲಸವಿದೆಯೆಂದು ಹೋಗಲಿಲ್ಲ. ಕಲ್ಯಾಣಮ್ಮ ಆ ಸಮಯದಲ್ಲಿ ಮಗಳ ಬಾಣಂತನಕ್ಕೆಂದು ರಜ ಹಾಕಿ ದಾವಣಗೆರೆಗೆ ಹೋಗಿದ್ದರು. ಕೇಳುವವರು ಯಾರೂ ಇರಲಿಲ್ಲ.

ಸಂಕ್ರಾಂತಿ ಹೊತ್ತಿಗೆ ಬೆರಳಿನ ಅದೇ ಜಾಗ ಮತ್ತೆ ಕೆಂಪಾಯಿತು. ಮಣಿಕಟ್ಟಿನಲ್ಲಿ ಗಂಟು ಎದ್ದಿತು, ಮುಂಗೈಯಲ್ಲಿ ಎದ್ದಿತು. ಈ ಸಲ ಮೊಣಕೈ ದಾಟಿ ತೋಳಿನ ಮೇಲೂ ಒಂದು ಬಂತು. ಬೆರಳು ಮಡಿಸಲು ಬಾರದಾಯಿತು. ಹೂವು ಕಟ್ಟುವವಳಿಗೆ ತೋರುಬೆರಳು ಮಡಿಸಲಾಗದಿದ್ದರೆ ದಾರಕ್ಕೆ ಗಂಟು ಹಾಕಲಾಗುವುದಿಲ್ಲ. ಅತ್ತೆ ಒಬ್ಬರೇ ಕಟ್ಟಿದರು. ಅರ್ಧ ಹೂವು ಬುಟ್ಟಿಯಲ್ಲೇ ಬಾಡಿತು.

ಗಂಗಲಕ್ಷ್ಮಮ್ಮ ಒಂದು ಮಧ್ಯಾಹ್ನ ಗಂಡನ ಎದುರು ಕೂತು ಹೇಳಿದಳು: "ಆ ಔಷಧೀನೂ ಸುಳ್ಳು ಕಣ್ರೀ. ಇದು ಹೋಗೋ ಕಾಯಿಲೆ ಅಲ್ಲ. ನಾನು ನಮ್ಮಮ್ಮನ ಮನೆಗೆ ಹೋಗಿ ಇದ್ಬಿಡ್ತೀನಿ. ಇಲ್ಲಿ ನನ್ನಿಂದ ಹೂವೂ ಹೋಗ್ತಾ ಇಲ್ಲ."

ಉಗ್ರಪ್ಪ ಅವಳ ಮಡಿಸಲಾಗದ ಬೆರಳನ್ನು ನೋಡಿದ. "ಕಲ್ಯಾಣಮ್ಮನೋರು ಊರಿಂದ ಬಂದವ್ರಂತೆ, ಒಂದು ಮಾತು ಕೇಳ್ತೀನಿ ಇರು," ಎಂದಷ್ಟೇ ಹೇಳಿದ.

ಕಲ್ಯಾಣಮ್ಮ ತೋಟಕ್ಕೇ ಬಂದರು. ಮುನಿತಾಯಮ್ಮ ಒಬ್ಬರೇ ಗಿಡದ ಬುಡಕ್ಕೆ ಗೊಬ್ಬರ ಹಾಕುತ್ತಿದ್ದರು.

"ಅಮ್ಮಾರೇ, ಔಷಧಿ ಯಾಕ್ ನಿಲ್ಲಿಸಿದ್ರಿ?"

"ಒಣಗಿತ್ತಲ್ಲ ತಾಯಿ."

"ಡಾಕ್ಟ್ರು ಒಣಗಿದ ಮೇಲೂ ತಗೋಬೇಕು ಅಂದಿದ್ರು. ನಿಮ್ಮ ಮಗನೂ ಹೇಳಿದ್ನಂತಲ್ಲ. ನಿಮಗೆ ಔಷಧಿ ಮೇಲೆ ಸಿಟ್ಟೋ, ಆಸ್ಪತ್ರೆ ಮೇಲೋ?"

ಮುನಿತಾಯಮ್ಮ ಕೈಗೆ ಅಂಟಿದ ಗೊಬ್ಬರ ಒದರಿದರು. ಗೊಬ್ಬರದ ಮಂಕರಿಯನ್ನು ಪಕ್ಕಕ್ಕಿಟ್ಟು ಬದುವಿನ ಮೇಲೆ ಕೂತರು.

"ನಮ್ಮಕ್ಕ ಒಬ್ಳಿದ್ಲು. ಅಂಜಮ್ಮ ಅಂತ. ನಮ್ದು ಮಾಗಡಿ ಹತ್ರ ಹಳ್ಳಿ. ಅವಳ ಬೆರಳೂ ಹಿಂಗೇ ಆಡ್ತಿರ್ಲಿಲ್ಲ, ಮಡಚ್ಕೊಂಡೇ ಇತ್ತು. ಆಮೇಲೆ ಹುಣ್ಣಾಯ್ತು. ದೊಡ್ಡರೋಗ ಅಂದ್ರು. ಕೆರೆ ಏರಿ ಆಚೆ ಗುಡಿಸ್ಲು ಹಾಕ್ಕೊಟ್ರು. ನಮ್ಮವ್ವ ಅನ್ನ ತಗೊಂಡೋಗಿ ಕಲ್ಲಿನ ಮೇಲೆ ಇಟ್ಟು ಬರೋಳು. ಒಂದು ದಿನ ಅನ್ನ ಹಂಗೇ ಇತ್ತು. ಗುಡಿಸ್ಲಲ್ಲಿ ಅವಳಿರ್ಲಿಲ್ಲ. ಎಲ್ಲಿಗೆ ಹೋದ್ಲು ಅಂತ ಊರಲ್ಲಿ ಯಾರೂ ಕೇಳ್ಲಿಲ್ಲ."

ಕಲ್ಯಾಣಮ್ಮ ಅವರ ಪಕ್ಕದಲ್ಲಿ ಕೂತರು.

"ಸರ್ಪಸುತ್ತು ಅಂದ್ರೆ ಜನ ಅಯ್ಯೋ ಅಂತಾರೆ. ಆ ರೋಗದ ಹೆಸರು ಬಂದ್ರೆ ಹೊರಗೆ ಹಾಕ್ತಾರೆ," ಎಂದರು ಮುನಿತಾಯಮ್ಮ. "ಡಾಕ್ಟ್ರ ಬಾಯಲ್ಲಿ ಆ ಹೆಸರು ಬರೋದೇ ಬ್ಯಾಡ ಅಂತ ನಾನು ಹೋಗ್ಲಿಲ್ಲ. ಅವಳ್ನೂ ತಡೆದೆ. ನಂಗೆ ಇರೋದು ಒಬ್ಳೇ ಸೊಸೆ."

"ಡಾಕ್ಟ್ರು ಹತ್ತಿ, ಪಿನ್ನು ಹಿಡ್ಕೊಂಡು ನೋಡಿದ್ದು ಅದಕ್ಕೇ ಅಮ್ಮಾರೇ. ಆ ರೋಗ ಬಂದ್ರೆ ಮುಟ್ಟಿದ್ದು ಗೊತ್ತಾಗಲ್ಲ, ಸ್ಪರ್ಶ ಐತೋ ಇಲ್ಲೋ ಅಂತ ನೋಡಿದ್ರು. ಅದು ಅಲ್ಲ ಅಂತ ಅವರಿಗೆ ಆವತ್ತೇ ಗೊತ್ತಾಗೇತಿ."

"ನನ್ ಮಗ ಹೇಳ್ಲಿಲ್ವಲ್ಲ!"

"ನೀವು ಕೇಳಿದ್ರಾ?"

ಮುನಿತಾಯಮ್ಮ ಕೇಳಿರಲಿಲ್ಲ. ಆ ಮನೆಯಲ್ಲಿ ಯಾರೂ ಆ ಹೆಸರನ್ನು ಬಾಯಿಬಿಟ್ಟು ಹೇಳಿರಲಿಲ್ಲ. ಹೇಳದ ಹೆಸರನ್ನು ಅಲ್ಲವೆಂದು ಹೇಳಲೂ ಯಾರಿಗೂ ಆಗಿರಲಿಲ್ಲ. ಬಸವೇಶ್ವರನಗರದ ಮನೆಗಳಲ್ಲೂ ಹಾಗೇ ಆಗಿತ್ತು.

"ನಾನು ಹೇಳಿದ್ರೆ ಸಮಾಧಾನಕ್ಕೆ ಹೇಳ್ತಾಳೆ ಅಂತೀರಿ," ಎಂದರು ಕಲ್ಯಾಣಮ್ಮ. "ನಾಳೆ ನೀವೇ ಬರ್ರಿ. ನೀವೇ ಡಾಕ್ಟ್ರನ್ನ ಕೇಳ್ರಿ."

ಮರುದಿನ ಮೂವರೂ ಹೆಂಗಸರು ಬಸ್ಸು ಹತ್ತಿದರು. ಚರ್ಮರೋಗ ವಿಭಾಗದ ಬೆಂಚಿನ ಮೇಲೆ ಮುನಿತಾಯಮ್ಮ ತಲೆಯ ಮೇಲೆ ಸೆರಗು ಹೊದ್ದು ಗೋಡೆಯ ಕಡೆ ಮುಖ ಮಾಡಿ ಕೂತಿದ್ದರು. ಸರದಿ ಬಂದಾಗ ಸೊಸೆಗಿಂತ ಮೊದಲು ಅವರೇ ಒಳಗೆ ಹೋದರು.

"ಡಾಕ್ಟ್ರಮ್ಮ, ಒಂದೇ ಮಾತು ಕೇಳ್ತೀನಿ. ಇದು ದೊಡ್ಡರೋಗವಾ?"

ಡಾಕ್ಟರ್ ಕೋಕಿಲಾ ಬರೆಯುವುದನ್ನು ನಿಲ್ಲಿಸಿದರು.

"ಅಲ್ಲಮ್ಮ. ಕುಷ್ಠ ಅಲ್ಲ. ನೀವೇ ನೋಡಿ ಬೇಕಾದ್ರೆ." ಅವರು ಹತ್ತಿಯ ಎಳೆಯೊಂದನ್ನು ಮುನಿತಾಯಮ್ಮನ ಕೈಗೇ ಕೊಟ್ಟರು. "ಅವರ ಕಣ್ಣು ಮುಚ್ಚಿಸಿ. ಹುಣ್ಣಿನ ಸುತ್ತ ಎಲ್ಲಾದ್ರೂ ಮುಟ್ಟಿ."

ಮುನಿತಾಯಮ್ಮ ಮುಟ್ಟಿದರು. ಮುಟ್ಟಿದಲ್ಲೆಲ್ಲ ಗಂಗಲಕ್ಷ್ಮಮ್ಮ "ಹೂಂ" ಎಂದಳು. ಗಂಟಿನ ಪಕ್ಕ, ಮಣಿಕಟ್ಟಿನ ಒಳಗೆ, ಬೆರಳಿನ ತುದಿಗೆ. ಒಂದು ಸಲವೂ ತಪ್ಪಲಿಲ್ಲ.

"ಇದು ಒಬ್ಬರಿಂದ ಒಬ್ಬರಿಗೆ ಹೀಗೆಲ್ಲ ಅಂಟೋದಲ್ಲ. ಒಟ್ಟಿಗೆ ಊಟ ಮಾಡಬಹುದು, ಒಟ್ಟಿಗೆ ಮಲಗಬಹುದು. ಹುಣ್ಣಿಗೆ ಮಾತ್ರ ಶುದ್ಧವಾದ ಬಟ್ಟೆ ಕಟ್ಟಿರಬೇಕು," ಎಂದರು ಡಾಕ್ಟರು. "ಇನ್ನೊಂದು ಹೇಳ್ತೀನಿ ಕೇಳಿ. ಅದು ಕುಷ್ಠವೇ ಆಗಿದ್ರೂ ಈಗ ಅದಕ್ಕೆ ಒಳ್ಳೆ ಮಾತ್ರೆ ಇದೆ. ಪೂರ್ತಿ ತಗೊಂಡ್ರೆ ವಾಸಿಯಾಗುತ್ತೆ. ಯಾರನ್ನೂ ಊರಾಚೆ ಇಡಬೇಕಾಗಿಲ್ಲ."

ಮುನಿತಾಯಮ್ಮ ಹತ್ತಿಯನ್ನು ಕೈಯಲ್ಲೇ ಹಿಡಿದುಕೊಂಡು ಕುರ್ಚಿಯ ಮೇಲೆ ಕೂತರು. ಆಮೇಲೆ ಕೇಳಿದರು:

"ಮತ್ತೆ ಒಣಗಿದ್ದು ಯಾಕೆ ತಿರುಗಾ ಬಂತು?"

"ನಿಮ್ಮ ತೋಟದಲ್ಲಿ ಜೇಕು ಹುಲ್ಲು ಇದೆಯಾ?"

"ಐತಲ್ಲ. ಎಷ್ಟು ಕಿತ್ರೂ ಬರ್ತದೆ, ಹಾಳಾದ್ದು."

"ಯಾಕೆ ಬರುತ್ತೆ?"

"ಗಡ್ಡೆ ಕೆಳಗೆ ಉಳ್ಕೊಂಡಿರ್ತದಲ್ಲ. ಮೇಲಿನ ಹುಲ್ಲು ಕಿತ್ರೆ ಏನ್ ಬಂತು..." ಮುನಿತಾಯಮ್ಮನ ಮಾತು ಅಲ್ಲಿಗೇ ನಿಂತಿತು. ಅವರು ಸೊಸೆಯ ಕೈ ನೋಡಿದರು.

"ಅಷ್ಟೇ ಅಮ್ಮ," ಎಂದರು ಡಾಕ್ಟರು. "ಮೇಲೆ ಚರ್ಮ ಕೂಡಿತ್ತು. ಒಳಗೆ ಬೂಷ್ಟು ಉಳಿದಿತ್ತು. ನೀವು ನಿಲ್ಲಿಸಿದಾಗ ಅದು ಬಲ ತಗೊಂಡಿತು. ಔಷಧಿ ಸುಳ್ಳಲ್ಲ."

ಗಂಗಲಕ್ಷ್ಮಮ್ಮ ತನ್ನ ಕಷ್ಟ ಹೇಳಿಕೊಂಡಳು. ಬಾಯಿರುಚಿ, ಸೋರುವ ಮೂಗು, ಕೆನ್ನೆಯ ಗುಳ್ಳೆ.

"ಇದೆಲ್ಲ ಈ ಔಷಧಿಯಿಂದ ಆಗೋದೇ. ಕಾಯಿಲೆ ಮುಖಕ್ಕೆ ಏರಿದ್ದಲ್ಲ. ಆವಾಗಲೇ ಬಂದು ನಂಗೆ ಹೇಳಿದ್ದಿದ್ರೆ ಹನಿ ಕಡಿಮೆ ಮಾಡ್ತಿದ್ದೆ. ಈ ಸಲ ಹಾಗಾದ್ರೆ ಬನ್ನಿ, ಬೈಯಲ್ಲ. ನೀವಾಗೇ ನಿಲ್ಲಿಸಬೇಡಿ, ನೀವಾಗೇ ಹೆಚ್ಚು ಮಾಡ್ಕೋಬೇಡಿ."

ಮತ್ತೆ ಅದೇ ಕಂದು ಬಾಟಲಿ. ಈ ಸಲ ಹನಿ ಎಣಿಸಿ ಹಾಲಿಗೆ ಹಾಕುವ ಕೆಲಸವನ್ನು ಮುನಿತಾಯಮ್ಮ ತಾವೇ ತೆಗೆದುಕೊಂಡರು. ಕಣ್ಣು ಸರಿಯಾಗಿ ಕಾಣದೆ ಬಾಗಿಲ ಬೆಳಕಿಗೆ ಹೋಗಿ ಎಣಿಸುತ್ತಿದ್ದರು. ಸೊಸೆ ಮುಖ ಸಿಂಡರಿಸಿದರೆ ಲೋಟವನ್ನು ಕೆಳಗಿಡುತ್ತಿರಲಿಲ್ಲ.

"ಕುಡಿಯೇ. ಗಡ್ಡೆ ಇನ್ನೂ ಐತೆ."

ಮೂಗು ಸೋರತೊಡಗಿದಾಗ ಆಸ್ಪತ್ರೆಗೆ ಹೋದರು. ಡಾಕ್ಟರು ಹನಿ ಇಳಿಸಿದರು, ಆಮೇಲೆ ನಿಧಾನವಾಗಿ ಏರಿಸಿದರು. ಗಂಟುಗಳು ತೋಳಿನಿಂದ ಕೆಳಕ್ಕೆ ಒಂದೊಂದಾಗಿ ಇಳಿದವು. ಬೆರಳಿನ ಹುಣ್ಣು ಎಲ್ಲಕ್ಕಿಂತ ಕೊನೆಗೆ ಕೂಡಿತು. ಕೂಡಿದ ಮೇಲೂ ಹಾಲಿನ ಲೋಟ ಬರುತ್ತಲೇ ಇತ್ತು. ಮಳೆಗಾಲ ಶುರುವಾದ ಮೇಲೆ ಒಂದು ದಿನ ಡಾಕ್ಟರ್ ಕೋಕಿಲಾ ಕೈಯನ್ನು ಪೂರ್ತಿ ಒತ್ತಿ ನೋಡಿ, "ಇನ್ನು ಸಾಕು," ಎಂದರು. ಆದರೂ ಕೆಲವು ತಿಂಗಳಿಗೊಮ್ಮೆ ಬಂದು ತೋರಿಸಬೇಕೆಂದರು.

ಉಗ್ರಪ್ಪ ಕಾರ್ಖಾನೆಯಿಂದ ದಪ್ಪ ಕ್ಯಾನ್ವಾಸ್ ಕೈಗವಸು ತಂದುಕೊಟ್ಟ. ಗಂಗಲಕ್ಷ್ಮಮ್ಮ ಅದನ್ನು ಹಾಕಿಕೊಂಡೇ ಗಿಡ ಸವರುತ್ತಾಳೆ. ಹೂವು ಬಿಡಿಸುವಾಗ ಅದು ಅಡ್ಡಿಯಾಗುತ್ತದೆ, ಆಗ ತೆಗೆಯುತ್ತಾಳೆ. ಮುಳ್ಳು ಚುಚ್ಚಿದರೆ ಆ ಕೂಡಲೇ ಸೋಪು ಹಾಕಿ ತೊಳೆಯುತ್ತಾಳೆ. ಬಾವಿಯ ಕಟ್ಟೆಯ ಮೇಲೆ ಒಂದು ಸೋಪಿನ ಬಿಲ್ಲೆ ಈಗ ಯಾವಾಗಲೂ ಇರುತ್ತದೆ.

ಬಸವೇಶ್ವರನಗರಕ್ಕೆ ಮೊದಲು ಹೋದವರು ಮುನಿತಾಯಮ್ಮ. ಕೈಯಲ್ಲಿ ಹೂವಿರಲಿಲ್ಲ. ಕಮಲಾಕ್ಷಮ್ಮ ಗೇಟಿಗೆ ಬಂದರು.

"ನನ್ ಸೊಸೆಗೆ ಬಂದಿದ್ದು ಕುಷ್ಠ ಅಲ್ಲಮ್ಮ. ಮುಳ್ಳಿಂದ ಒಳಗೆ ಹೋದ ಬೂಷ್ಟು. ಅದು ಯಾರ್ಗೂ ಅಂಟಲ್ಲ. ಡಾಕ್ಟ್ರು ವಾಸಿ ಮಾಡವ್ರೆ. ಹೂವು ತಗೊಳಿ ಅಂತ ಕೇಳಕ್ಕೆ ಬಂದಿಲ್ಲ ನಾನು. ನೀವು ಮನಸಲ್ಲಿ ಅಂದ್ಕೊಂಡಿದ್ದು ಅದಲ್ಲ ಅಂತ ಹೇಳಕ್ಕೆ ಬಂದೆ."

ಕಮಲಾಕ್ಷಮ್ಮನ ಮುಖ ಸಣ್ಣದಾಯಿತು.

"ನಾನು ಆ ಮಾತು ಅಂದಿರ್ಲಿಲ್ಲಮ್ಮ."

"ಅನ್ಲಿಲ್ಲ. ನಾವೂ ಅನ್ಲಿಲ್ಲ. ಅಂದಿದ್ರೆ ಆವಾಗ್ಲೇ ಇತ್ಯರ್ಥ ಆಗೋದು."

ಕಮಲಾಕ್ಷಮ್ಮ ಗೇಟು ತೆರೆದು ಒಳಗೆ ಕರೆದರು. ಮರುವಾರದಿಂದ ಅವರ ಮನೆಯ ವರ್ತನೆ ಮತ್ತೆ ಶುರುವಾಯಿತು. ಪಕ್ಕದ ಮನೆಯವರೂ ಒಪ್ಪಿದರು. ಅದರಾಚೆಯವರು ಈಗಲೂ ಬೇರೆಯವರ ಹತ್ತಿರ ಹೂವು ತೆಗೆದುಕೊಳ್ಳುತ್ತಾರೆ. ಗಂಗಲಕ್ಷ್ಮಮ್ಮನ ಮುಂಗೈಯಲ್ಲಿ ಸಾಲಾಗಿ ಕಲೆಗಳು ಉಳಿದಿವೆ. ತೋರುಬೆರಳು ಮಡಿಯುತ್ತದೆ, ಆದರೆ ಚಳಿಯಲ್ಲಿ ಸ್ವಲ್ಪ ಬಿಗಿಯುತ್ತದೆ. ಅವಳು ದಿನವೂ ಹೂವು ಕಟ್ಟುತ್ತಾಳೆ.

ಈ ಕಥೆಯನ್ನು ಓದುತ್ತಿರುವ, ಓದಿಸಿಕೊಂಡು ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಈಗ ಒಮ್ಮೆ ನಿಮ್ಮ ಕೈಕಾಲು ನೋಡಿಕೊಳ್ಳಿ. ಮುಳ್ಳೋ ಸಿಬರೋ ಚುಚ್ಚಿದ ಜಾಗದಲ್ಲಿ ಗಂಟು ಎದ್ದು, ವಾರಗಳು ಕಳೆದರೂ ಮಾಯದೆ ಇದೆಯೇ? ಒಣಗಿ ಮತ್ತೆ ಮತ್ತೆ ಒಡೆಯುತ್ತಿದೆಯೇ? ಗಂಟುಗಳು ಸಾಲಾಗಿ ಮೇಲಕ್ಕೆ ಬರುತ್ತಿವೆಯೇ? ನೋವಿಲ್ಲವೆಂದು ಬಿಡಬೇಡಿ. ಸರ್ಕಾರಿ ಆಸ್ಪತ್ರೆಯ ಚರ್ಮದ ಡಾಕ್ಟರಿಗೆ ತೋರಿಸಿ. ನೀವು ಯಾವ ಕೆಲಸ ಮಾಡುತ್ತೀರಿ, ಏನು ಚುಚ್ಚಿತ್ತು ಎನ್ನುವುದನ್ನು ಅವರು ಕೇಳದಿದ್ದರೂ ಹೇಳಿ. ನಮ್ಮ ಕಡೆ ಅಪರೂಪವಾದ ಕಾಯಿಲೆ ಹಾಗೆ ಹೇಳಿದಾಗಲೇ ಅವರಿಗೆ ಹೊಳೆಯುವುದು. ಹುಣ್ಣಿನ ಚೂರು ತೆಗೆದು ಪರೀಕ್ಷೆ ಮಾಡುತ್ತೇವೆಂದರೆ ಹೆದರಬೇಡಿ. ಗಂಗಲಕ್ಷ್ಮಮ್ಮ ಕುಡಿದ ಔಷಧಿಯನ್ನು ನೀವಾಗಿ ಅಂಗಡಿಯಲ್ಲಿ ಕೊಂಡು ಕುಡಿಯಲೂಬೇಡಿ. ಬಸುರಿಯರಿಗೆ, ಥೈರಾಯ್ಡ್ ತೊಂದರೆ ಇರುವವರಿಗೆ ಅದು ಆಗದು. ಡಾಕ್ಟರು ಕೊಟ್ಟ ಔಷಧಿಯಿಂದ ತೊಂದರೆಯಾದರೆ ಅವರ ಹತ್ತಿರವೇ ಹೋಗಿ ಹೇಳಿ. ಹುಣ್ಣು ಒಣಗಿತೆಂದು ನಿಲ್ಲಿಸಬೇಡಿ. ಅವರು ಸಾಕೆಂದ ದಿನವೇ ಸಾಕು.

ನಿಮ್ಮ ಕೈಕಾಲು ಚೆನ್ನಾಗಿದ್ದರೆ ನಿಮ್ಮ ಬೀದಿಯವರನ್ನು ನೆನೆಸಿಕೊಳ್ಳಿ. ಹೆಸರು ಹೇಳಲು ಹೆದರಿ ಕಾಯಿಲೆ ಮುಚ್ಚಿಟ್ಟುಕೊಂಡವರು ಒಬ್ಬರಾದರೂ ಇರುತ್ತಾರೆ. ಅವರಿಂದ ದೂರ ನಿಲ್ಲಬೇಡಿ. ಏನಾಗಿದೆ ಎಂದು ಕೇಳಿ. ಒಬ್ಬರೇ ಆಸ್ಪತ್ರೆಗೆ ಹೋಗಲು ಅಂಜಿದರೆ, ಅವರ ಜೊತೆ ನೀವೂ ಬಸ್ಸು ಹತ್ತಿ.